ಬಿಟ್ಟುಹೋದ ಹಕಾರ

“ನಿಲ್ಲಿಸಿ! ಅದು ನನ್ನ ಪ್ರಬಂಧ!”

ಸಭೆಯೆಲ್ಲ ತಿರುಗಿ ನೋಡಿತು. ಕೊನೆಯ ಬೆಂಚಿನಲ್ಲಿ ಎದ್ದು ನಿಂತವನು ದುದ್ದ ಹಳ್ಳಿಯ ಪುಟ್ಟಮಾದಯ್ಯ. ವೇದಿಕೆಯ ಮೇಲೆ ಓದುತ್ತಿದ್ದವನು ಅವನ ಸಹಪಾಠಿ ಅಪ್ಪಾಜಿ—ಬೆಂಗಳೂರಿನ ದಂಡು ಪ್ರದೇಶದಲ್ಲಿ ಹುಟ್ಟಿ ಬೆಳೆದ, ಕನ್ನಡಕದ ಹುಡುಗ.

ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿ. ಮಂಡ್ಯದಲ್ಲಿ ಕಬ್ಬಿನ ವಿಜ್ಞಾನ ಸಮ್ಮೇಳನ. ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದವನಿಗೆ ಎರಡು ವರ್ಷ ಸಂಶೋಧನೆ ಮಾಡಲು ವಿದ್ಯಾರ್ಥಿವೇತನ. ಕದ್ದು ಬರೆದವನಿಗೆ ಕಾಲೇಜಿನ ಬಾಗಿಲೇ ಮುಚ್ಚಿದಂತೆ.

ಪ್ರಬಂಧಗಳನ್ನು ಪಡೆದು ತಾರೀಖು ಗುರುತು ಹಾಕಿಕೊಂಡವರು ನಿವೃತ್ತ ಕನ್ನಡ ಮೇಷ್ಟರು ರಾಮಲಿಂಗಯ್ಯ. ಮಾತು ಕಡಿಮೆ. ಸಂಜೆ ಗುತ್ತಲಿನ ದೇವಸ್ಥಾನದಲ್ಲಿ ಪುರಾಣ ಓದಿಸುವಾಗ ಕಣ್ಣು ಮುಚ್ಚಿ ಕೂತುಬಿಡುವರು; ಓದುವವನು ಒಂದೇ ಒಂದು ಅಕ್ಷರ ನುಂಗಿದರೂ ಅವರ ಹುಬ್ಬು ಏಳುವುದು. ಈಗ ಎರಡೂ ಪ್ರತಿಗಳು ಅವರ ಮುಂದೆ ಬಂದವು.

ಯುದ್ಧದಿಂದಾಗಿ ರಸಗೊಬ್ಬರ ಸಿಗದ ಕಾಲ. ಬದಲಿಗೆ ಹಿಂಡಿ ಹಾಕಿ ಕಬ್ಬು ಬೆಳೆದ ಪರೀಕ್ಷೆ ಅದು. ಹದಿನಾರು ಸಾಲು, ಹದಿನಾರು ತೂಕ—ಎರಡರಲ್ಲೂ ಒಂದೇ. ವ್ಯತ್ಯಾಸ ಒಂದೇ ಪದದಲ್ಲಿ. ಪುಟ್ಟಮಾದಯ್ಯನ ಇಂಗ್ಲಿಷಿನಲ್ಲಿ ಹಿಂಡಿ ಔಡಲದ್ದು, ಅಂದರೆ ಕ್ಯಾಸ್ಟರ್. ಅಪ್ಪಾಜಿಯದರಲ್ಲಿ ಅರಳಿಮರದ ಬೀಜದ್ದು.

“ಅರಳಿಯ ಹಿಂಡಿಯನ್ನು ಯಾರೂ ಪರೀಕ್ಷಿಸಿಲ್ಲ. ಹೊಸತನವಿರುವುದೇ ಅಲ್ಲಿ,” ಎಂದರು ಪುಣೆಯಿಂದ ಬಂದ ಅಧ್ಯಕ್ಷರು, ಇಂಗ್ಲಿಷಿನಲ್ಲಿ. “ಅಪ್ಪಾಜಿಯದು ಎರಡು ದಿನ ಮೊದಲೇ ಬಂದಿದೆ. ಈ ಪುಟ್ಟಮಾದಯ್ಯ ನಕಲು ಮಾಡಿ ಒಂದು ಪದ ಬದಲಿಸಿದ್ದಾನೆ. ಊಟದ ಹೊತ್ತಿಗೆ ಬೇರೆ ಪುರಾವೆ ಸಿಗದಿದ್ದರೆ ಕಾಲೇಜಿಗೆ ಬರೆಯುತ್ತೇನೆ.”

ಪುಟ್ಟಮಾದಯ್ಯ ಟೈಪಿಸ್ಟು ಚಿಕ್ಕಬೋರಯ್ಯನ ಮೇಲೆ ಹರಿಹಾಯ್ದ. “ನೀನೇ ತೋರ್ಸಿದ್ದು ಕಣ್ಲಾ! ಟೈಪಿಗೆ ಕೊಟ್ಟು ನಾಕು ದಿನ ಆಯ್ತು!”

“ಬಾಯ್ ಮುಚ್ಲಾ! ನಿನ್ ಕೋಳಿ ಕೆರ್ದಂಗಿರೋ ಅಕ್ಸರ ನೋಡಿ ನನ್ ಕಣ್ಣೇ ಓಗವೆ. ಇನ್ನೊಬ್ಬನ್ಗೆ ಬೇರೆ ತೋರ್ಸ್ಲಾ?”

ರಾಮಲಿಂಗಯ್ಯ ಸದ್ದಿಲ್ಲದೆ ಎದ್ದು ಜಗಲಿಗೆ ಬಂದರು. ಅಲ್ಲಿ ಪುಟ್ಟಮಾದಯ್ಯನ ಅಜ್ಜಿ ದೊಡ್ಡತಾಯಮ್ಮ ಒಬ್ಬಳೇ ಕೂತಿದ್ದಳು. ಮೊಮ್ಮಗ ಓದಲು ಹೋದ ಮೇಲೆ ಪರೀಕ್ಷೆಯ ಹೊಲ ನೋಡಿಕೊಂಡವಳು ಅವಳೇ.

“ಒಳಗೆ ಯಾಕೆ ಬರಲಿಲ್ಲ ತಾಯಿ?”

“ನನ್ ಮಾತ್ ಕೇಳುದ್ರೆ ದೊಡ್ಡೋರು ನಗ್ತಾರಂತೆ. ಇಲ್ಲೇ ಇರವ್ವ ಅಂದವ್ನೆ.”

“ಕಬ್ಬಿಗೆ ಏನು ಹಾಕಿದ್ರಿ?”

“ಅರಳಿಂಡಿ ಕಣ್ ಸ್ವಾಮಿ.”

ಮೇಷ್ಟರು ಅವಳ ಮುಖವನ್ನೇ ದಿಟ್ಟಿಸಿದರು. ಅರಳಿಂಡಿ! ಹಾಗಾದರೆ ಹುಡುಗನೇ ಸುಳ್ಳನೆ?

ಅಜ್ಜಿ ಕೇಳದೆಯೇ ಹದಿನಾರು ಸಾಲಿನ ತೂಕವನ್ನೂ ಸೋಬಾನೆ ಹಾಡಿದಂತೆ ಒಪ್ಪಿಸಿದಳು. ಒಂದೂ ತಪ್ಪಲಿಲ್ಲ. ಮೇಷ್ಟರು ಕಣ್ಣು ಮುಚ್ಚಿ ಕೇಳಿದರು.

“ಆ ಬೀಜದ ಎಣ್ಣೆ ಏನು ಮಾಡಿದ್ರಿ?”

“ದೀಪಕ್ಕೆ ಆಕ್ದೆ. ಉಳ್ದಿದ್ನ ಮಗೀನ್ ನೆತ್ತಿಗೆ ತಟ್ದೆ.”

ಹುಬ್ಬು ಎದ್ದಿತು. ಇನ್ನೊಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ತಲೆದೂಗಿ, ಅವರು ಒಳಗೆ ಬಂದರು.

“ಅಪ್ಪಾಜಿಯವರೇ, ಹಿಂಡಿ ಎಲ್ಲಿ ಆಡಿಸಿದಿರಿ?”

“ಮದ್ದೂರಿನ ಗಾಣದಲ್ಲಿ.”

“ದುದ್ದಕ್ಕೆ ಹೋಗಿದ್ದಿರಾ?”

“ಆ ಊರು ಯಾವ ದಿಕ್ಕಿಗಿದೆಯೋ ಗೊತ್ತಿಲ್ಲ.”

ಮೇಷ್ಟರು ಅಧ್ಯಕ್ಷರ ಕಡೆ ತಿರುಗಿ ಇಂಗ್ಲಿಷಿನಲ್ಲೇ ಹೇಳಿದರು. “ಸ್ವಾಮಿ, ನಾನು ನಲವತ್ತು ವರ್ಷದಿಂದ ದಿನಾ ಬೆಳಗ್ಗೆ ಅರಳಿಮರ ಸುತ್ತುತ್ತಿದ್ದೇನೆ. ಅದರ ಬೀಜವನ್ನು ಗಾಣಕ್ಕೆ ಹಾಕಿದವರನ್ನು ಕಂಡಿಲ್ಲ. ಸಾಸಿವೆಗಿಂತ ಸಣ್ಣ ಬೀಜ. ಹಣ್ಣು ಹಕ್ಕಿಗಳ ಪಾಲು. ಇಲ್ಲದ ಹಿಂಡಿ ಈ ಕಾಗದಕ್ಕೆ ಎಲ್ಲಿಂದ ಬಂತು?”

ಅವರು ಅಪ್ಪಾಜಿಯ ಪ್ರತಿಯನ್ನು ಎತ್ತಿ ತೋರಿಸಿದರು.

“ನೋಡಿ ಬರೆದವನು ಕಣ್ಣಿಂದ ತಪ್ಪುತ್ತಾನೆ, ಕೇಳಿ ಬರೆದವನು ಕಿವಿಯಿಂದ. ಚಿಕ್ಕಬೋರಯ್ಯನ ಮೇಜಿನ ಮೇಲಿದ್ದದ್ದು ಇಂಗ್ಲಿಷ್ ಪ್ರತಿ. ಅದನ್ನು ನೋಡಿ ಕದ್ದಿದ್ದರೆ ಔಡಲ ಔಡಲವಾಗಿಯೇ ಉಳಿಯುತ್ತಿತ್ತು. ಇದು ಕಿವಿಯ ತಪ್ಪು. ನಮ್ಮ ಸೀಮೆಯಲ್ಲಿ ಔಡಲಕ್ಕೆ ಹರಳು ಅಂತಾರೆ; ದೀಪಕ್ಕೂ ಮಗುವಿನ ನೆತ್ತಿಗೂ ಹಾಕುವ ಎಣ್ಣೆ ಅದರದೇ. ಹರಳಿನ ಹಿಂಡಿ ಹಳ್ಳಿಯವರ ಬಾಯಲ್ಲಿ ಅರಳಿಂಡಿ. ಅಲ್ಲಿ ಬಿಟ್ಟುಹೋದ ಹಕಾರಗಳು ಎರಡು. ಬರೆದುಕೊಂಡವರು ಹಿಂಡಿಗೆ ಒಂದನ್ನು ಕೊಟ್ಟರು, ಹರಳಿಗೆ ಕೊಡುವುದನ್ನು ಮರೆತರು. ಅರಳಿ ಹಿಂಡಿ ಆಯಿತು; ಇಂಗ್ಲಿಷಿಗೆ ಬಂದಾಗ ಅರಳಿಮರದ ಬೀಜವೇ ಆಯಿತು. ತಾವು ಹೊಸತನ ಅಂದಿರಲ್ಲ—ಅದೇ ಕಳ್ಳತನದ ಗುರುತು.”

“ಇದೆಲ್ಲ ಬರೀ ಊಹೆ!” ಎಂದು ಅಪ್ಪಾಜಿ ಕೂಗಿದ.

ಮೇಷ್ಟರು ಬಾಗಿಲು ತೆರೆದರು. “ಬನ್ನಿ ತಾಯಿ.”

ದೊಡ್ಡತಾಯಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಬಂದಳು. ಒಬ್ಬೊಬ್ಬರನ್ನೇ ನೋಡುತ್ತಾ ಅಪ್ಪಾಜಿಯ ಬಳಿ ಬಂದಾಗ ಮುಖ ಅರಳಿತು.

“ಅಯ್, ನೀನಾ ಮಗ! ಅವತ್ತು ಮಜ್ಗೆ ಕುಡ್ದು, ಪುಟ್ಟಮಾದನ ಗೆಣೆಕಾರ ಅಂದ್ಬುಟ್ಟು, ನಾನ್ ಏಳಿದ್ನೆಲ್ಲ ಬರ್ಕೊಂಡೋದೆಯಲ್ಲ. ಚೆಂದಾಗಿದ್ದೀಯಾ?”

ಅಪ್ಪಾಜಿ ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ. “ತಪ್ಪಾಯಿತು,” ಎಂದ, ನೆಲ ನೋಡುತ್ತಾ.

ಅಜ್ಜಿ ಗಾಬರಿಯಾದಳು. “ಯಾಕ್ ಸ್ವಾಮಿ? ನಾನೇನಾರ ತಪ್ ಏಳ್ಬುಟ್ನಾ?”

“ಇಲ್ಲ ತಾಯಿ. ನಿಮ್ಮ ನಾಲಿಗೆಯೇ ನಿಮ್ಮ ಮೊಮ್ಮಗನನ್ನು ಉಳಿಸಿತು.”

ಅಧ್ಯಕ್ಷರು ಅಪ್ಪಾಜಿಯ ಹೆಸರು ಹೊಡೆದುಹಾಕಿ ಪುಟ್ಟಮಾದಯ್ಯನನ್ನು ಕರೆದರು. ಅವನು ನೇರ ವೇದಿಕೆಗೆ ಹೋಗಲಿಲ್ಲ. ಅಜ್ಜಿಯ ಕೈ ಹಿಡಿದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದ. ಆಮೇಲೆ ಓದತೊಡಗಿದ—ಒರಟು ಇಂಗ್ಲಿಷು, ಆದರೂ ನಿಧಾನ, ಸ್ಪಷ್ಟ. ಹಿಂಡಿಯ ಹೆಸರು ಬಂದಾಗ ತಡೆದು ಅಜ್ಜಿಯ ಮುಖ ನೋಡಿದ.

“ಅಂದರೆ,” ಎಂದ ಗಟ್ಟಿಯಾಗಿ, ಕನ್ನಡದಲ್ಲಿ, “ಅರಳಿಂಡಿ.”

ರಾಮಲಿಂಗಯ್ಯ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಹುಬ್ಬು ಏಳಲಿಲ್ಲ.