ಬಾಗಿಲಿಗೆ ಕೊರೆದ ನಕ್ಷತ್ರ

1994ರ ಅಕ್ಟೋಬರ್ 27, ಗುರುವಾರ. ಬೆಳಿಗ್ಗೆ 7.40ಕ್ಕೆ ಟ್ರೆವೆನ್ನಿಕ್ ಬಂದರಿನ ಠಾಣೆಗೆ ಬಂದ ಮೊರ್ವೆನ್ನಾ ಪಾಸ್ಕೋ ಕೋಟಿನ ಗುಂಡಿಯನ್ನೂ ಸರಿಯಾಗಿ ಹಾಕಿಕೊಂಡಿರಲಿಲ್ಲ.

"ನನ್ ಮನೆ ಬಾಗಿಲಿಗೆ ಯಾರೋ ಮಾಟದ ಗುರುತು ಕೆತ್ತಿದಾರೆ. ಗಂಡ ಹೋಗಿ ಎಂಟು ತಿಂಗಳೂ ಆಗಿಲ್ಲ. ಇನ್ನೇನ್ ಉಳಿದಿದೆ ಅಂತ ನಂಗೆ ಮಾಟ ಮಾಡ್ತಾರೆ?"

ಇನ್‌ಸ್ಪೆಕ್ಟರ್ ಲವ್‌ಡೇ ಟ್ರೆಂಬಾತ್ ದೂರನ್ನು ತಾನೇ ಬರೆದುಕೊಂಡಳು. 8.30ಕ್ಕೆ ಕಾನ್‌ಸ್ಟೇಬಲ್ ಜೋರಿ ನ್ಯಾನ್ಸ್ ಜೊತೆ ಹೋಗಿ ಸ್ಥಳ ಮಹಜರು ಮಾಡಿದಳು. ಬಾಗಿಲಿನ ನೀಲಿ ಬಣ್ಣ ಸೀಳಿ, ಮರದೊಳಕ್ಕೆ ಇಳಿದ ಐದು ಮೊನೆಯ ನಕ್ಷತ್ರ. ಸುತ್ತ ಒಂದು ವೃತ್ತ. ಒಂದು ಮೊನೆ ಆಕಾಶಕ್ಕೆ. ಅಂಥದೇ ಗುರುತು ಕಿಟ್ಟೋ ರೋ ಎಂಬಾತನ ಅಕ್ಕನ ಬೇಕರಿ ಬಾಗಿಲಲ್ಲೂ ಸಿಕ್ಕಿತು.

"ಎರಡೂ 'ಗ್ವೆನ್ನೋಲ್' ದೋಣಿಯವರ ಮನೆ, ಮೇಡಂ," ಎಂದ ಜೋರಿ.

ಮಾರ್ಚ್ 9ರಂದು ಮುಳುಗಿದ ದೋಣಿ. ಮೊರ್ವೆನ್ನಾಳ ಗಂಡ ಪೆರ್ರನ್ ಪಾಸ್ಕೋ, ಕಿಟ್ಟೋ ರೋ ಇಬ್ಬರ ದೇಹವೂ ಸಿಕ್ಕಿರಲಿಲ್ಲ. ರಬ್ಬರ್ ತೆಪ್ಪದಲ್ಲಿ ಬದುಕಿ ಬಂದವನು ಡೆನ್ಜಿಲ್ ಕರ್ನೋ ಒಬ್ಬನೇ. ದೋಣಿಗೆ ಕಟ್ಟಿದ್ದ ಹಗ್ಗ ಹರಿದು ತೆಪ್ಪ ದೂರ ಹೋಯಿತೆಂದು ಅವನು ಸಾಕ್ಷಿ ಹೇಳಿದ್ದ; ಆಕಸ್ಮಿಕ ಸಾವೆಂದು ಕಡತ ಮುಚ್ಚಿತ್ತು.

ಊರಿಗೆ ತನಿಖೆ ಬೇಕಿರಲಿಲ್ಲ. ನಕ್ಷತ್ರ ಅಂದರೆ ಪ್ರಕೃತಿಯನ್ನು ಪೂಜಿಸುವ, ಊರವರು ಮಾಟಗಾರರೆನ್ನುವ ವಿಕ್ಕಾ ಪಂಥದವರು. ವಿಕ್ಕಾ ಅಂದರೆ ಗುಡ್ಡದ ಮೇಲಿನ ಹೆಸ್ಟರ್ ಬೊಲಿಥೊ. ಮಧ್ಯಾಹ್ನದೊಳಗೆ ಅವಳ ಕಿಟಕಿಗೆ ಕಲ್ಲು ಬಿತ್ತು. ಲವ್‌ಡೇ ಹೋದಾಗ ಎಪ್ಪತ್ತು ದಾಟಿದ ಆ ಹೆಂಗಸು ಗಾಜು ಗುಡಿಸುತ್ತಿದ್ದಳು. ಪೂಜೆಯ ಮೇಜಿನ ಮೇಲೆ ತಾಮ್ರದ ತಟ್ಟೆ. ತಟ್ಟೆಯಲ್ಲಿ ಅದೇ ನಕ್ಷತ್ರ, ಅದರ ಮೇಲೆ ರೊಟ್ಟಿಯ ಚೂರು.

"ಇದರ ಅರ್ಥ ಏನು?"

"ಮಣ್ಣು, ಗಾಳಿ, ಬೆಂಕಿ, ನೀರು. ನಾಲ್ಕು ಮೊನೆ ಅದಕ್ಕಾಯ್ತು. ಮೇಲಿಂದು ಜೀವ. ಸುತ್ತ ಇರೋ ಗೆರೆ, ಇವೆಲ್ಲ ಒಂದೇ ಅನ್ನೋಕೆ. ನಮ್ಮ ರೊಟ್ಟಿನೂ ಇದರ ಮೇಲಿಟ್ಟೇ ತಿಂತೀವಿ. ಇದು ಕಾವಲು ಕಣೇ ಮಗಳೇ, ಮಾಟ ಅಲ್ಲ."

"ಹಾಗಾದ್ರೆ ಕಾವಲಿಗೆ ಕೆತ್ತಿದಾರಾ?"

"ಎಲ್ಲಿಂದ ಶುರು ಮಾಡಿದಾರೋ ನೋಡಬೇಕು. ನಮ್ಮ ಬಳಗದಲ್ಲಿ ತುದಿಯಿಂದ ಎಡಕ್ಕೆ, ಕೆಳಗೆ ಎಳೆದ್ರೆ 'ಬಾ' ಅಂತ. ಎಡಗಡೆ ಕೆಳಗಿಂದ ತುದಿಗೆ ಹೋದ್ರೆ 'ಹೋಗು' ಅಂತ. ಆದ್ರೆ ನಾವು ಗಾಳೀಲಿ ಬರೀತೀವಿ. ಮರಕ್ಕೆ ಕೊರೆದೋನಿಗೆ ಗಾಳಿ ಮೇಲೆ ನಂಬಿಕೆ ಇಲ್ಲ."

"ಯಾರಿಗೆಲ್ಲ ಹೇಳಿಕೊಟ್ಟಿದೀರಿ?"

"ಬಳಗದೋರ ಹೆಸರು ಹೇಳಲ್ಲ ಅಂತ ಆಣೆ ಇದೆ."

"ನಾಳೆ ಇನ್ನೊಂದು ಕಿಟಕಿ ಒಡೀತಾರೆ."

"ಒಡೀಲಿ."

ಸಂಜೆ 4ಕ್ಕೆ ಲವ್‌ಡೇ ಭೂತಗನ್ನಡಿ ಹಿಡಿದು ಮೊರ್ವೆನ್ನಾಳ ಬಾಗಿಲ ಮುಂದೆ ಕೂತಳು. ಚೂರಿ ನೆಟ್ಟ ಕಡೆ ಗೆರೆ ಆಳ, ಬಿಟ್ಟ ಕಡೆ ತೆಳು. ಮೊದಲ ಗೆರೆ ತುದಿಯಲ್ಲಿ ಆಳವಾಗಿತ್ತು. ಎಡಕ್ಕೆ ಇಳಿಯುತ್ತ ಸಣ್ಣಗಾಗಿತ್ತು. ಬೇಕರಿ ಬಾಗಿಲಲ್ಲೂ ಹಾಗೆಯೇ. ಪ್ರತಿ ಗೆರೆಯ ನಡುವೆ ಕೂದಲೆಳೆಯಂಥ ಏಣು. ಮುಕ್ಕಾದ ಚೂರಿ. ಜೋರಿ ಅಚ್ಚು ತೆಗೆದುಕೊಂಡ.

"ಇದು ಶಾಪ ಅಲ್ಲ ಮೊರ್ವೆನ್ನಾ. ಕರೆದಿದಾರೆ."

"ಯಾರನ್ನ?" ಎಂದವಳು ಕೇಳಿದ ಮೇಲೆಯೇ ಅರ್ಥವಾದಂತೆ ಗೋಡೆ ಹಿಡಿದಳು. "ನಿನ್ನೆ ರಾತ್ರಿಯಿಂದ ಮನೆಯೊಳಗೆ ಅವನ ಸ್ವೆಟರಿನ ಒದ್ದೆ ಉಣ್ಣೆ ವಾಸನೆ. ನೀವು ನಗ್ತೀರಿ ಅಂತ ದೂರಿನಲ್ಲಿ ಹೇಳಲಿಲ್ಲ."

ಲವ್‌ಡೇ ನಗಲಿಲ್ಲ. ಅವಳಿಗೂ ಆ ವಾಸನೆ ಬಂದಿತ್ತು. ಅದನ್ನು ಅವಳು ಮಹಜರಿನಲ್ಲಿ ಬರೆಯಲಿಲ್ಲ.

ಕಾರಿನಲ್ಲಿ ಜೋರಿ ಕೇಳಿದ: "ಸತ್ತೋರು ಅವರವರ ಮನೆಗೆ ಹೋಗಲಿ ಅಂತ ಯಾರಿಗೆ ಬೇಕು, ಮೇಡಂ?"

"ಅವರು ಯಾರ ಮನೆಗೆ ಬರ್ತಿದಾರೋ, ಅವನಿಗೆ."

ಶುಕ್ರವಾರ ಮಧ್ಯಾಹ್ನ 3.15ಕ್ಕೆ ಶೋಧನಾ ವಾರಂಟ್ ಹಿಡಿದು, ಆ ದೋಣಿಯಿಂದ ಬದುಕಿ ಬಂದಿದ್ದ ಡೆನ್ಜಿಲ್ ಕರ್ನೋನ ಮನೆ ತಟ್ಟಿದರು.

"ಮುಂಬಾಗಿಲು ತೆಗೆಯಲ್ಲ," ಒಳಗಿನಿಂದ ದನಿ ಬಂತು. "ಹಿಂದಿಂದ ಬನ್ನಿ."

ಆ ಮುಂಬಾಗಿಲ ಒಳಮೈ ನೋಡಿ ಜೋರಿ ಟೋಪಿ ತೆಗೆದ. ಹೊಸ್ತಿಲಿನಿಂದ ಮೇಲಿನ ಚೌಕಟ್ಟಿನವರೆಗೆ ಬೆರಳಿಡಲೂ ಜಾಗವಿಲ್ಲದಂತೆ ನಕ್ಷತ್ರಗಳು. ಒಂದೊಂದೂ ಎಡಗಡೆ ಕೆಳಗಿನಿಂದ ಶುರುವಾಗಿತ್ತು. ಹೋಗು, ಹೋಗು, ಹೋಗು.

ಮೇಜಿನ ಮೇಲೆ ಮೀನು ಸೀಳುವ ಚೂರಿ ಇತ್ತು. ಅಲಗು ಮುಕ್ಕಾಗಿತ್ತು. ಲವ್‌ಡೇ ಅವನನ್ನು ದಸ್ತಗಿರಿ ಮಾಡಿ, ಬಾಯಿ ಬಿಡಲೇಬೇಕೆಂಬ ಕಟ್ಟುಪಾಡಿಲ್ಲವೆಂದು ಕಾನೂನಿನಂತೆ ತಿಳಿಸಿದಳು. ಆಮೇಲೆ ಕೇಳಿದಳು:

"ಈ ಚೂರಿ ಯಾವತ್ತು ಮುಕ್ಕಾಯ್ತು?"

"ಮಾರ್ಚ್ ಒಂಬತ್ತಕ್ಕೆ."

ಜೋರಿಯ ಪೆನ್ನು ನಿಂತಿತು.

"ಹಗ್ಗ ಹರೀಲಿಲ್ಲ, ಮೇಡಂ," ಎಂದ ಡೆನ್ಜಿಲ್. "ನಾನೇ ಕೊಯ್ದೆ. ಕೊನೇಲಿ ಚೂರಿ ತೆಪ್ಪದ ಕಬ್ಬಿಣದ ಬಳೆಗೆ ಬಡೀತು. ದೋಣಿ ಮುಳುಗ್ತಾ ನನ್ನೂ ಎಳೀತಿತ್ತು. ಪೆರ್ರನ್ ಒಂದು ಕೈಯಲ್ಲಿ ಕಿಟ್ಟೋನ ಹಿಡ್ಕೊಂಡು, ಇನ್ನೊಂದರಲ್ಲಿ ಆ ಹಗ್ಗ ಹಿಡಿದು ಬರ್ತಿದ್ದ. ಹತ್ತು ಎಣಿಸಿದ್ರೆ ಇಬ್ಬರೂ ತಲುಪ್ತಿದ್ರು. ನಾನು ಎಣಿಸಲಿಲ್ಲ."

ಸಂಜೆ 6.20ಕ್ಕೆ ಠಾಣೆಯಲ್ಲಿ ಹೇಳಿಕೆ ಮುಗಿಯಿತು. ಅಚ್ಚು, ಚೂರಿ ಎರಡೂ ಹೊಂದಿದವು. ಬಾಗಿಲು ಹಾಳು ಮಾಡಿದ ಮೊಕದ್ದಮೆ ದಾಖಲಾಯಿತು; ಮುಚ್ಚಿದ್ದ ಕಡತ ಮತ್ತೆ ತೆರೆಯಿತು. ನಾಲ್ಕು ವರ್ಷದ ಹಿಂದೆ ಹೆಸ್ಟರಳ ಬಳಗದಲ್ಲಿ ಒಂದು ಚಳಿಗಾಲ ಕಲಿತದ್ದನ್ನೂ ಡೆನ್ಜಿಲ್ ತಾನೇ ಹೇಳಿದ.

ಸಹಿ ಹಾಕಿದ ಮೇಲೆ ಲವ್‌ಡೇ ಕೇಳಿದ ಪ್ರಶ್ನೆ ಕಡತದಲ್ಲಿಲ್ಲ.

"ಬಂದು ಏನಂತಾನೆ ಪೆರ್ರನ್?"

"ಬೆಳಕು ಹರಿಯೋ ಹೊತ್ತಿಗೆ ಎರಡು ಸಲ ತಟ್ತಾನೆ. ಇಪ್ಪತ್ತು ವರ್ಷ ಇಳಿತಕ್ಕೆ ದೋಣಿ ಬಿಡೋಕೆ ಹೆಂಗ್ ಎಬ್ಬಿಸ್ತಿದ್ದನೋ ಹಂಗೇ. 'ಡೆನ್ಜಿಲ್, ಏಳೋ, ನೀರು ಇಳೀತಿದೆ' ಅಂತ." ಅವನು ಅಂಗೈಗಳಿಂದ ಕಿವಿ ಮುಚ್ಚಿಕೊಂಡ. "ಬೈದಿದ್ರೆ ತಡ್ಕೋತಿದ್ದೆ, ಮೇಡಂ. ಅವನು ಬೈಯಲ್ಲ."