ಜಾಗ ಹಿಡಿದ ಚೀಲಗಳು

ಬೆಳಗಿನ ಆರು ಗಂಟೆಗೆ ಗ್ರಂಥಾಲಯ ಮಗ್ಗುಲು ಬದಲಿಸಿತು. ಹುಬ್ಬಳ್ಳಿಯ ಪೇಟೆಯ ನಡುವೆ ನಿಂತ ಆ ಹಳೆಯ ಕಟ್ಟಡದ ಒಳಗೋಡೆಗಳು ನೆಲದ ಹಳಿಗಳ ಮೇಲೆ ಸದ್ದಿಲ್ಲದೆ ಸರಿದವು. ಪತ್ರಿಕೆಗಳ ಕೋಣೆ ಎರಡು ಮಾರು ಕಿರಿದಾಯಿತು. ಮಕ್ಕಳ ಕೋಣೆ ಅಷ್ಟೇ ಹಿಗ್ಗಿತು.

ಇವು ಚಲಗೋಡೆಗಳು. ಇವುಗಳ ಕೆಳಗಿನ ಸ್ಪರ್ಶನೆಲ, ಯಾರು ಎಲ್ಲಿ ಎಷ್ಟು ಹೊತ್ತು ಕುಳಿತರೆಂದು ದಿನವಿಡೀ ಗುರುತಿಟ್ಟುಕೊಳ್ಳುತ್ತದೆ. ಹತ್ತು ನಿಮಿಷ ಕದಲದೆ ಇದ್ದ ಭಾರವೆಲ್ಲ ಅದಕ್ಕೆ ಓದುಗನೇ. ಜನ ಕೂತಲ್ಲಿ ಮರುದಿನ ಕೋಣೆ, ಕೂರದಲ್ಲಿ ಗೋಡೆ. ಇದನ್ನು ರೂಪಿಸಿದ ಡಾ. ಹೇಮಲತಾ ಬಾಳಿಗ ಉದ್ಘಾಟನೆಯ ದಿನ ಹೇಳಿದ್ದರು: “ಇಷ್ಟು ಕಾಲ ಜನ ಕಟ್ಟಡಕ್ಕೆ ಹೊಂದಿಕೊಂಡರು. ಇನ್ನು ಕಟ್ಟಡ ಜನರಿಗೆ ಹೊಂದಿಕೊಳ್ಳಲಿ.”

ಚಪ್ಪಾಳೆ ತಟ್ಟಿದವರಲ್ಲಿ ಗಿರಿಜಾ ಬಾರಕೇರ ಕೂಡ ಇದ್ದಳು. ಹತ್ತಿರದ ಶಾಲೆಯಲ್ಲಿ ಇತಿಹಾಸ ಕಲಿಸುವ ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು. ದಿನವೂ ನಾಲ್ಕೂವರೆಗೆ ಒಬ್ಬಳೇ ಬಂದು, ಬಾಗಿಲಿನಿಂದ ನಲವತ್ತೊಂದು ಹೆಜ್ಜೆ ಎಣಿಸಿ, ಬ್ರೈಲ್ ಪುಸ್ತಕಗಳ ಕಪಾಟು ಮುಟ್ಟುತ್ತಿದ್ದಳು. ಗೋಡೆಗಳು ಓಡಾಡತೊಡಗಿದ ಮೂರನೆಯ ದಿನ ಅವಳ ಹಣೆ ಗೋಡೆಗೆ ಬಡಿಯಿತು. ಕಪಾಟು ಇದ್ದಲ್ಲೇ ಇತ್ತು, ದಾರಿ ಇರಲಿಲ್ಲ. ಗ್ರಂಥಾಲಯದ ಸಹಾಯಕ ರಾಜೇಸಾಬ ನದಾಫ ಓಡಿಬಂದು ಕೈ ಹಿಡಿದ.

“ಬ್ಯಾಡ ನದಾಫಣ್ಣ,” ಎಂದಳು ಗಿರಿಜಾ. “ದಿನಾ ಯಾರರ ಕೈ ಹಿಡಕೊಂಡು ಬರೂದಾದ್ರ ನಾ ಬರೂದ ಇಲ್ಲ.”

ಮೂರು ತಿಂಗಳ ಬಳಿಕ ಡಾ. ಬಾಳಿಗರ ಪರದೆಯ ಮೇಲೆ ಒಂದು ವಿಚಿತ್ರ ಕಾಣಿಸಿಕೊಂಡಿತು. ಇಡೀ ಗ್ರಂಥಾಲಯ ನಿತ್ಯ ಬದಲಾಗುತ್ತಿದ್ದರೂ ಬಾಗಿಲಿನಿಂದ ಒಳಕ್ಕೆ ಹೋದ ಒಂದು ಸಪೂರ ಓಣಿ ಮಾತ್ರ ಎಪ್ಪತ್ತು ದಿನಗಳಿಂದ ಒಂದಂಗುಲವೂ ಕದಲಿರಲಿಲ್ಲ. ಅಲ್ಲಿ ಎದುರುಬದುರಾಗಿ ಎರಡು ಸಾಲು ಓದುಗರು ಮುಂಜಾನೆಯಿಂದ ಸಂಜೆಯವರೆಗೆ ಕೂರುತ್ತಾರೆಂದು ಸ್ಪರ್ಶನೆಲ ವರದಿ ಮಾಡುತ್ತಿತ್ತು.

ಅವರು ತಾವೇ ಹುಬ್ಬಳ್ಳಿಗೆ ಬಂದರು. ಓಣಿಯಲ್ಲಿ ಕೂತ ಒಂದು ನರಪಿಳ್ಳೆಯೂ ಇರಲಿಲ್ಲ. ಎರಡೂ ಗೋಡೆಗಳ ಬುಡದಲ್ಲಿ ಸಾಲಾಗಿ ಚೀಲಗಳು.

“ಇವರೆಲ್ಲ ಎಲ್ಲಿ?”

“ಬರ್ತಾರ್ರಿ ಮೇಡಂ,” ಎಂದ ನದಾಫ. “ಜಾಗ ಹಿಡದು ಚಾ ಕುಡ್ಯಾಕ ಹೋಗ್ಯಾರ.”

“ಎಪ್ಪತ್ತು ದಿನಗಳಿಂದ?”

“ಹುಬ್ಬಳ್ಳಿ ಚಾ ರೀ. ಮಾತು ಭಾಳ ಇರ್ತಾವ.”

ಡಾ. ಬಾಳಿಗ ಬಗ್ಗಿ ಒಂದು ಚೀಲ ಬಿಚ್ಚಿದರು. ಒಳಗೆ ಈರುಳ್ಳಿ.

“ಇದೂ ಓದುತ್ತದೆಯೇ?”

ನದಾಫ ತಲೆ ಕೆರೆದುಕೊಂಡ. “ಬಸ್ಸಿನ ಕಿಡಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡೀತಾರಲ್ರಿ, ಹಂಗ. ಮೊದಲ ಟವೆಲ್ ಇಟ್ಟ ನೋಡಿದ್ವಿ, ನಿಮ್ಮ ನೆಲ ಒಪ್ಪಲಿಲ್ಲ. ಉಳ್ಳಾಗಡ್ಡಿಗೆ ಒಪ್ಪಿತು.”

“ಮೂರು ಕಿಲೋ ಸಾಕೆಂದು ನಾನೇ ನಿಗದಿ ಮಾಡಿದ್ದು. ತಾಯಿ ಪಕ್ಕದಲ್ಲಿ ಮಲಗಿಸಿದ ಕೂಸಿಗೂ ಜಾಗ ಸಿಗಲಿ ಎಂದು.” ಅವರ ದನಿ ಗಡುಸಾಯಿತು. “ಈರುಳ್ಳಿಗಲ್ಲ. ಇದನ್ನು ಇವತ್ತೇ ಸರಿಪಡಿಸಬೇಕು.”

“ಸರಿಪಡಿಸ್ರಿ. ಆದ್ರ ಯಾರ ಸಲುವಾಗಿ ಇಟ್ಟೀವಿ ಅಂತ ಕೇಳಂಗಿಲ್ಲೇನ್ರಿ?”

ಅಷ್ಟರಲ್ಲಿ ಬಾಗಿಲ ಬಳಿ ಕೋಲಿನ ಸದ್ದಾಯಿತು. ಗಿರಿಜಾ ಒಳಬಂದಳು. ಕೋಲನ್ನು ಮಡಚಿ ಕಂಕುಳಲ್ಲಿಟ್ಟು, ಬೆರಳ ತುದಿಯನ್ನು ಗೋಡೆಗೆ ತಾಗಿಸಿ, ಬಸ್ಸು ತಪ್ಪೀತೆಂಬಂಥ ಅವಸರದಲ್ಲಿ ನಡೆದುಬರುತ್ತಿದ್ದವಳು ಥಟ್ಟನೆ ನಿಂತಳು.

“ಯಾರೋ ಹೊಸಬ್ರು ನಿಂತಾರಲ್ಲ?”

“ಗೋಡಿ ಓಡಸೂ ಡಾಕ್ಟ್ರು, ಟೀಚರ್.”

“ಹೌದಾ? ನಮಸ್ಕಾರ್ರಿ. ನಿಮ್ಮ ಗೋಡಿದು, ನನ್ನ ಹಣೀದು ಹಳೇ ಪರಿಚಯ.” ನಕ್ಕು, ದಾರಿ ಬಿಡಲು ಒಂದು ಕ್ಷಣ ಕಾದು, ಅವಳು ಕಪಾಟಿನತ್ತ ಹೋದಳು.

ಅವಳ ಬೆರಳು ಗೋಡೆಗುಂಟ ಸಾಗಿದ್ದನ್ನು ಡಾ. ಬಾಳಿಗ ಕಪಾಟಿನವರೆಗೂ ನೋಡಿದರು. ಆಮೇಲೆ ಕೈಯಲ್ಲಿದ್ದ ಟ್ಯಾಬ್‌ನಲ್ಲಿ ಏನನ್ನೋ ಹುಡುಕಿ ಹುಬ್ಬು ಗಂಟಿಕ್ಕಿದರು. “ಇವರೊಬ್ಬರಿಗಾಗಿ ಮಾಡಿದ ದಾರಿ ಎನ್ನುತ್ತೀರಿ. ನಿನ್ನೆ ಇಲ್ಲಿ ಸಾವಿರದ ನೂರು ಜನ ನಡೆದಿದ್ದಾರಲ್ಲ?”

ನದಾಫ ದನಿ ತಗ್ಗಿಸಿದ. “ಕಣ್ಣಿದ್ದವ್ರಿಗೂ ದಾರಿ ತಿಳೀವಲ್ದಾಗಿತ್ರಿ ಮೇಡಂ. ಕೇಳಾಕ ನಾಚಿಕಿ. ಟೀಚರ್ ನೆವ ಸಿಕ್ತು, ಎಲ್ಲಾರೂ ಚೀಲ ತಂದ್ರು.”

ಡಾ. ಬಾಳಿಗ ಅಲ್ಲೇ ಗೋಡೆಗೊರಗಿ, ಎರಡು ಚೀಲಗಳ ನಡುವೆ ಕುಳಿತರು. ಆ ಓಣಿ ಎಂದೂ ಸರಿಯಕೂಡದೆಂದೂ ಅಲ್ಲಿನ ಚೀಲಗಳನ್ನು ನೆಲ ಲೆಕ್ಕಕ್ಕೆ ಹಿಡಿಯಕೂಡದೆಂದೂ ಆದೇಶ ಬರೆದು ಮುಗಿಸಲು ಅವರಿಗೆ ಐದು ನಿಮಿಷವೂ ಹಿಡಿಯಲಿಲ್ಲ.

“ಚೀಲ ಎತ್ತಲು ಹೇಳಿ.”

“ಇವತ್ತೊಂದಿನ ಇರ್ಲಿ ಬಿಡ್ರಿ,” ಎಂದ ನದಾಫ. “ಗೋಡಿ ನಿಮ್ಮ ಮಾತು ಕೇಳ್ತಾವೋ ಇಲ್ಲೋ.”

ಕೇಳಿದವು. ಮರುದಿನ ಬೆಳಿಗ್ಗೆ ಉಳಿದ ಗೋಡೆಗಳೆಲ್ಲ ಸರಿದವು. ಓಣಿ ನಿಂತಲ್ಲೇ ನಿಂತಿತು. ಸುದ್ದಿ ಕೇಳಿ ಒಬ್ಬೊಬ್ಬರಾಗಿ ಬಂದ ಜನ ತಂತಮ್ಮ ಚೀಲ ಎತ್ತಿಕೊಂಡರು. ಒಬ್ಬಾಕೆ ಮೊಳಕೆಯೊಡೆದ ಈರುಳ್ಳಿಯನ್ನು ನೋಡಿ ಬೈಯುತ್ತಲೇ ನಕ್ಕಳು.

ಸಂಜೆ ಡಾ. ಬಾಳಿಗರಿಗೆ ರೈಲು ಹಿಡಿಯಬೇಕಿತ್ತು. ಮಕ್ಕಳ ಕೋಣೆ ನೋಡಲೆಂದು ಹೊಕ್ಕವರು ಮೂರು ಕಡೆ ತಿರುಗಿ, ಎರಡು ಸಲ ಒಂದೇ ಭೂಪಟದೆದುರಿಗೆ ಬಂದು ನಿಂತು, ಕೊನೆಗೆ ಹೇಗೋ ಬ್ರೈಲ್ ಕಪಾಟಿನ ಬಳಿ ತಲುಪಿದರು. ಚೀಲಗಳಿಲ್ಲದೆ ಅವರಿಗೆ ಓಣಿಯ ಗುರುತೇ ಹತ್ತಲಿಲ್ಲ. ಗಿರಿಜಾ ಪುಸ್ತಕ ಮುಚ್ಚಿ ಎದ್ದಿದ್ದಳು.

“ಟೀಚರ್,” ಎಂದರು ಡಾ. ಬಾಳಿಗ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, “ಹೊರಗೆ ಹೋಗುವುದು ಹೇಗೆ?”

“ನನ್ನ ಹಿಂದ ಬರ್ರಿ,” ಎಂದಳು ಗಿರಿಜಾ.