ನಾಲ್ಕನೇ ಬ್ಯಾಂಡ್

“ಆ ಪೈಪು ಕುಯ್ಯಬ್ಯಾಡಿ!”

ಮಹಡಿ ಮೆಟ್ಟಿಲಿನಿಂದ ಬಂದ ಕೂಗಿಗೆ ಅಂಬಿಕಳ ಕೈಯಲ್ಲಿದ್ದ ಗರಗಸ ನಿಂತಿತು. ಎರಡು ವರ್ಷದಿಂದ ವಾಕಿಟಾಕಿಯಲ್ಲಿ ಕೇಳುತ್ತಿದ್ದ ಅದೇ ದನಿ... ಮುಖ ನೋಡಿದ್ದು ಮಾತ್ರ ಇವತ್ತೇ!

ಮುನೀಂದ್ರ. ಬಂಗಾರಪೇಟೆಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟವನು, ಅವಳ ಹಾಗೆಯೇ ಹವ್ಯಾಸಿಗಳ ಹ್ಯಾಮ್ ರೇಡಿಯೋ ಲೈಸೆನ್ಸ್ ಪಡೆದವನು. ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅಂಬಿಕ, ದೂರದೇಶಗಳ ಜೊತೆ ಮಾತಾಡುವ ಆಸೆಯಿಂದ ಮಹಡಿ ಮೇಲೆ ನಾಲ್ಕು ಬ್ಯಾಂಡಿನ, ಅಂದರೆ ನಾಲ್ಕು ತರಂಗಾಂತರಗಳ, ಪೈಪಿನ ಆಂಟೆನಾವನ್ನು ನೆಟ್ಟಗೆ ನಿಲ್ಲಿಸಿದ್ದಳು. ಆದರೆ ಮೀಟರಿನ ಮುಳ್ಳು ಮೂರರಿಂದ ಕೆಳಗಿಳಿಯದು. ಒಂದರ ಹತ್ತಿರ ಬಂದರಷ್ಟೇ ರೇಡಿಯೋಗೂ ಆಂಟೆನಾಗೂ ಹೊಂದಾಣಿಕೆ; ಇಲ್ಲವಾದರೆ ಕಳಿಸಿದ ಶಕ್ತಿಯ ಒಂದು ಪಾಲು ವಾಪಸ್ಸು! ಪೈಪು ಉದ್ದವಾಯಿತೇನೋ ಎಂದು ಕುಯ್ಯಲು ಹೊರಟಿದ್ದಳು; ವಾಕಿಟಾಕಿಯಲ್ಲಿ ಅವಳ ಪರದಾಟ ಕೇಳಿ ಅವನೇ ಬಂದಿದ್ದ.

“ಪೈಪು ಸರಿಯಾಗೇ ಐತೆ ಮೇಡಂ. ಆದ್ರೆ ಇದು ಅರ್ಧ ಆಂಟೆನಾ ಅಷ್ಟೇ. ಬುಡದಲ್ಲಿ ಅರಡೋ ತಂತಿಗಳೆಲ್ಲಿ?”

ಅಂಬಿಕಳ ಕಿವಿ ಬಿಸಿಯಾಯಿತು. ‘ಟೀಚರಿಗೇ ಪಾಠ ಮಾಡ್ತಾರಲ್ಲ!’

ಅಂದಿನಿಂದ ಅವನು ಪ್ರತಿ ಭಾನುವಾರ ಬಂದ. ಒಂದೊಂದು ಬ್ಯಾಂಡಿಗೆ ಒಂದೊಂದು ಅಳತೆಯ ತಂತಿ. ಅವನು ಅಳೆದ, ಅವಳು ಕತ್ತರಿಸಿದಳು. ಕಾಫಿ ತಂದ ಅವ್ವ ನರಸಮ್ಮ, “ಈ ತಂತಿ ಮ್ಯಾಲೆ ಬಟ್ಟೆ ಒಣಗಾಕಬೋದಾ?” ಎಂದಾಗ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮೂರು ಬ್ಯಾಂಡು ಸರಿಯಾದವು. ಉಳಿದದ್ದು ನಲವತ್ತು ಮೀಟರ್ ತರಂಗದ ಬ್ಯಾಂಡು.

“ಇದರ ತಂತಿ ಉದ್ದ. ನಿಮ್ಮ ಮಹಡಿ ಸಾಲ್ದು. ಮುಂದಿನ ವಾರ ನೋಡಾಣ,” ಎಂದು ಹೊರಟ.

ಗುರುವಾರ ಸಂಜೆ ಅಂಬಿಕಳಿಗೆ ಏನೋ ಹೊಳೆಯಿತು. ತಂತಿಗಳನ್ನು ಮಹಡಿಯಾಚೆಗೆ ಇಳಿಜಾರಾಗಿ ಬಿಟ್ಟು, ಹಿತ್ತಲಿನ ಬೇವಿನಮರಕ್ಕೂ ಕಾಂಪೌಂಡಿನ ಗೂಟಗಳಿಗೂ ಎಳೆದು ಕಟ್ಟಿದಳು. ಮುಳ್ಳು ಸರ್ರನೆ ಇಳಿದು ಒಂದರ ಪಕ್ಕ ನಿಂತಿತು!

ಕುಣಿಯುತ್ತಲೇ ಫೋನ್ ಮಾಡಿದಳು. “ನಲವತ್ತೂ ಮ್ಯಾಚ್ ಆಯ್ತು! ನಾನೇ ಮಾಡ್ದೆ! ಇನ್ನು ನೀವು ಬರೋದೇ ಬೇಡ!”

ಆ ಕಡೆಯ ದನಿ ತಗ್ಗಿತು.

“ಒಳ್ಳೇದಾಯ್ತು ಮೇಡಂ.”

ಭಾನುವಾರ ಅವನು ಬರಲಿಲ್ಲ. ಮರು ಭಾನುವಾರವೂ ಇಲ್ಲ. ವಾಕಿಟಾಕಿಯಲ್ಲೂ ಆ ದನಿಯಿಲ್ಲ. ಅಂಬಿಕ ಜಪಾನಿನವರೊಬ್ಬರ ಜೊತೆ ಮಾತಾಡಿದಳು. ಆದರೆ ಆ ಖುಷಿ ಹೇಳಿಕೊಳ್ಳಬೇಕಾದವನೇ ಇಲ್ಲವಲ್ಲ!

‘ಬರೀ ಆಂಟೆನಾಗೋಸ್ಕರ ಬರ್ತಿದ್ರಾ?’ ಕಣ್ಣು ತುಂಬಿತು.

“ಬರಬ್ಯಾಡ ಅಂದೋಳು ನೀನೇ ಅಲ್ವೇನೇ?” ಎಂದಳು ನರಸಮ್ಮ. “ಮಾನ ಇರೋನು ಎಂಗೆ ಬತ್ತಾನೆ?”

ಅಂಬಿಕ ಬೆಚ್ಚಿಬಿದ್ದಳು. ಅಯ್ಯೋ... ಹಾಗೆ ಕೇಳಿಸಿತ್ತೇ ಅವರಿಗೆ!

ಶನಿವಾರ ಬೆಳಗಿನ ಶಾಲೆ ಮುಗಿದದ್ದೇ ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದಳು. ಬಂಗಾರಪೇಟೆಯ ಅಂಗಡಿಯಲ್ಲಿ ಮುನೀಂದ್ರ ತಲೆಯೆತ್ತಿದವನು ಗಾಬರಿಯಿಂದ ಎದ್ದೇ ನಿಂತ.

“ಆಂಟೆನಾ ಕೆಟ್ಟೋಯ್ತಾ?”

“ಇಲ್ಲ. ದನಿ ಜಪಾನ್ ತನಕ ಓಗ್ತೈತೆ.”

“ಮತ್ತೆ...?”

“ನಿಮ್ಮನ್ನ ನೋಡೋಕೆ ಬಂದೆ.” ಅವಳು ಒಂದು ಹೆಜ್ಜೆ ಮುಂದೆ ಬಂದಳು. “ಬರೋದು ಬೇಡ ಅಂದಿದ್ದು, ನಾನೊಬ್ಳೇ ಮಾಡ್ದೆ ಅನ್ನೋ ಜಂಬದಲ್ಲಿ. ನೀವು ಬೇಡ ಅಂತಲ್ಲ!”

ಮುನೀಂದ್ರನ ಮುಖ ಅರಳಿತು.

“ನಿಜ ಏಳ್ಲಾ ಮೇಡಂ? ನಾಲ್ಕು ಬ್ಯಾಂಡೂ ಒಂದೇ ದಿನದ ಕೆಲಸ. ಬರೋಕೊಂದು ನೆಪ ಬೇಕಿತ್ತು... ಅದಕ್ಕೇ ವಾರಕ್ಕೊಂದು ಅಂತ ಎಳೆದೆ.”

ಅಂಬಿಕ ನಕ್ಕಳು, ಕಣ್ಣೊರೆಸಿಕೊಂಡಳು.

“ನಾಳೆ ಭಾನುವಾರ. ಬತ್ತೀರಾ?”

“ಬತ್ತೀನಿ ಅಂಬಿಕ. ಟೂಲ್ ಬ್ಯಾಗ್ ತರ್ಲಾ?”

“ಬೇಡ. ಊಟಕ್ಕೆ ಬನ್ನಿ.”